ಬಣ್ಣಗಾರನ ಮಗಳ ದಾರ

ನವೆಂಬರ್ 1

ಹೆಂಡತಿ ಇದ್ದಾಗ ಅವಳ ಕಿವಿ ಇತ್ತು. ಯಜಮಾನರನ್ನು ಬೈದರೆ "ಹೂಂ" ಅನ್ನುತ್ತಿದ್ದಳು, ಶಮಿಸೆನ್ ವಾದ್ಯದವರನ್ನು ಬೈದರೂ "ಹೂಂ", ಅವಳನ್ನೇ ಬೈದರೂ "ಹೂಂ". ಈಗ ಆ ಕಿವಿ ಇಲ್ಲ. ಬರೆದಿಡು ಅಣ್ಣಾ, ಒಳಗೇ ಇಟ್ಟುಕೊಂಡರೆ ಹೊಟ್ಟೆಹುಣ್ಣಾಗುತ್ತೆ ಅಂತ ತಂಗಿ ಈ ಪುಸ್ತಕ ತಂದುಕೊಟ್ಟಳು. ಪುಸ್ತಕವೇ, ನೀನು "ಹೂಂ" ಅನ್ನದಿದ್ದರೂ ಪರವಾಗಿಲ್ಲ, ನಡುವೆ ಬಾಯಿ ಹಾಕಬೇಡ.

ನಾಳೆ ನಮ್ಮ ಕಬುಕಿ ನಾಟಕದ ಆಟ ಶುರು. ಇಪ್ಪತ್ತಾರರವರೆಗೆ ಇಲ್ಲೇ ಕ್ಯೋಟೋದಲ್ಲಿ. ನಮ್ಮ ಯಜಮಾನರು 'ಬಣ್ಣಗಾರನ ಮಗಳು' ಕುಣಿಯುತ್ತಾರೆ. ಬಣ್ಣಗಾರನ ಮಗಳಿಗೆ ಹದಿನೇಳು. ನಮ್ಮ ಯಜಮಾನರು ಕುರೆತಾನಿ ಸೆನ್ನೊಜೊ ಅವರಿಗೆ ಎಪ್ಪತ್ತು. ಮುಖಕ್ಕೆ ಬಿಳಿ ಬಳಿಯುವುದು ದಿನದಿನಕ್ಕೆ ದಪ್ಪವಾಗುತ್ತಿದೆ. ಇನ್ನೆರಡು ವರ್ಷ ಹೋದರೆ ಗಾರೆ ಕೆಲಸದವನನ್ನೇ ಕರೆಸಬೇಕು.

ನವೆಂಬರ್ 2

ಉಡುಪಿನ ಕೋಣೆಯ ಫುಸಾ, ಯಜಮಾನರ ಕಿರಿಯ ಶಿಷ್ಯ ಗೆಂಟಾ, ನಾನು, ಮೂವರೂ ಸೇರಿ ಯಜಮಾನರಿಗೆ ಉಡಿಸಿದೆವು. ಉಡಿಸುವುದು ಅಂದರೆ ತಪ್ಪು, ಹೇರುವುದು ಅನ್ನಬೇಕು. ಒಳಗೆ ತಿಳಿನೀಲಿ ಕಿಮೋನೊ, ಅದರ ಮೇಲೆ ಕಡುಗೆಂಪು. ಎರಡರ ಮೇಲೂ ಒಂದೇ ಕಸೂತಿ: ಹರಿಯುವ ನೀರು, ನೀರಿಗೆ ಬಿದ್ದ ಮೇಪಲ್ ಎಲೆ. ಕೆಂಪಿನ ಮೇಲೆ ಎಲೆಗಳು ಚಿನ್ನದ ಜರಿಯಲ್ಲಿ ಉರಿಯುತ್ತವೆ. ನೀಲಿಯ ಮೇಲೆ ಅದೇ ಎಲೆ, ಅದೇ ಜಾಗದಲ್ಲಿ, ಬಣ್ಣ ತೊಳೆದುಹೋದ ಹಾಗೆ ಬೂದು. ಎರಡನ್ನೂ ಹೊಲಿದವಳು ಫುಸಾಳ ಅಮ್ಮ. "ಉರಿಯೋ ಬಣ್ಣ ಯಾರು ಬೇಕಾದ್ರೂ ಹೊಲೀತಾರೆ, ಹೋದ ಬಣ್ಣ ಹೊಲಿಯೋದ್ರಲ್ಲಿ ನನ್ನ ಕಣ್ಣು ಹೋಯ್ತು ಅನ್ನೋಳು ನಮ್ಮಮ್ಮ" ಅಂತ ಫುಸಾ ಪ್ರತಿ ಸಲ ಹೇಳುತ್ತಾಳೆ. ಇವತ್ತೂ ಹೇಳಿದಳು.

ಇವತ್ತು ತಡವಾಯಿತು. ರಂಗದ ಮೇಲೆ ಡೋಲಿನ ಪೆಟ್ಟು ಬೀಳುವಾಗ ಮೇಲಿನ ಕೆಂಪು ಕಳಚಿ ಬೀಳಬೇಕು, ಅದರ ಹೊಲಿಗೆಯ ದಾರ ಎಳೆಯುವವನು ನಾನು. ಪೆಟ್ಟು ಬಿದ್ದು, ಒಂದು ಉಸಿರು ಕಳೆದು, ಆಮೇಲೆ ಬಿತ್ತು. ಯಜಮಾನರ ಹೆಗಲು ಇಳಿಯಬೇಕಾದಾಗ ಇಳಿಯಲೇ ಇಲ್ಲ. ಹೆಗಲು ಇಳಿಯದೆ ನಾನು ದಾರ ಎಳೆಯುವುದು ಹೇಗೆ?

ಮನೆಗೆ ಬಂದು ಚಹಾ ಮಾಡಿಕೊಂಡೆ, ಚೆಲ್ಲಿತು. ಈಗಿನ ಕುಂಬಾರರಿಗೆ ಬಟ್ಟಲಿಗೆ ಹೊಳಪು ಕೊಡುವುದು ಗೊತ್ತು, ಹಿಡಿತ ಕೊಡುವುದು ಗೊತ್ತಿಲ್ಲ.

ನವೆಂಬರ್ 4

ಸಾರ್ವಜನಿಕ ಸ್ನಾನದ ಮನೆಯಲ್ಲಿ ಬೋಳುತಲೆಯವನೊಬ್ಬ ಬಿಸಿನೀರಲ್ಲಿ ಕುತ್ತಿಗೆವರೆಗೆ ಮುಳುಗಿ ಮಾತಿಗೆಳೆದ.

"ನೀವು ಕಬುಕಿಯವರಂತೆ. ಯಾವ ಪಾತ್ರ?"

"ಪಾತ್ರ ಗೀತ್ರ ಇಲ್ಲ. ದಾರ ಎಳೀತೀನಿ."

"ಪರದೆ ದಾರಾನಾ?"

"ಹೆಂಗಸಿನ ಬಟ್ಟೆ ದಾರ."

ಅವನು ಸ್ವಲ್ಪ ಆಚೆ ಸರಿದು ಕೂತ. ಬಿಡಿಸಿ ಹೇಳಬೇಕಾಯಿತು. ಬಣ್ಣಗಾರನ ಮಗಳು ಕಾಮೊ ನದಿಯಲ್ಲಿ ಬಟ್ಟೆ ಜಾಲಿಸುತ್ತಾ ನಲ್ಲನಿಗೆ ಕಾಯುತ್ತಾಳೆ. ಅವನು ಬರುವುದಿಲ್ಲ. ಇಂಥ ನಲ್ಲರು ಬರುವುದೇ ಇಲ್ಲ, ಬಂದರೆ ಕುಣಿತ ಮುಗಿದುಹೋಗುತ್ತದಲ್ಲ. ಕೊನೆಗೆ ಅವಳೇ ನೀರಿಗಿಳಿಯುತ್ತಾಳೆ, ಅವಳ ಮೈಮೇಲಿನ ಬಣ್ಣವೆಲ್ಲ ನೀರಿಗೆ ಹೋಗುತ್ತದೆ. ಅದಕ್ಕೇ ಕೆಂಪು ಉಡುಪನ್ನು ತೋಳು, ಹೆಗಲು, ಸೊಂಟದಲ್ಲಿ ದಪ್ಪ ರೇಷ್ಮೆ ದಾರದ ಸಡಿಲ ಹೊಲಿಗೆ ಹಾಕಿ ನಿಲ್ಲಿಸಿರುತ್ತಾರೆ. ದಾರದ ತುದಿಗೆ ಗಂಟಿಲ್ಲ, ಒಂದು ಮಣಿ ಮಾತ್ರ. ನಾನು ಕರಿ ಬಟ್ಟೆ ತೊಟ್ಟು, ಮುಖಕ್ಕೆ ಕರಿ ಪರದೆ ಬಿಟ್ಟು ಯಜಮಾನರ ಬೆನ್ನ ಹಿಂದೆ ಕೂತಿರುತ್ತೇನೆ. ಒಂದೊಂದೇ ಮಣಿ ಹುಡುಕಿ ಎಳೆಯುತ್ತೇನೆ. ಕೊನೆಯ ಮಣಿ ಬಂದಾಗ ಇಡೀ ಕೆಂಪು ಒಂದೇ ಸಲ ಬಿದ್ದು ನನ್ನ ಮಡಿಲಿಗೆ ಬರುತ್ತದೆ, ಒಳಗಿನ ನೀಲಿ ನಿಂತಿರುತ್ತದೆ.

"ಜನ ನಿಮ್ಮನ್ನ ನೋಡಲ್ವಾ?"

"ಕರಿ ಬಟ್ಟೆಯವನು ಕಾಣಲ್ಲ ಅಂತ ಜನರಿಗೂ ನಮಗೂ ಒಪ್ಪಂದ."

"ಹಾಗಾದ್ರೆ ನೀವು ಇಲ್ಲ ಅಂತಾನೇ ಲೆಕ್ಕ."

ಅವನ ಬೋಳುತಲೆಗೆ ಒಂದು ಚೊಂಬು ತಣ್ಣೀರು ಸುರಿಯೋಣ ಅನ್ನಿಸಿತು.

ನವೆಂಬರ್ 7

ಮತ್ತೆ ತಡ. ಯಜಮಾನರು ಇವತ್ತು ಹೊಸದೊಂದು ಶುರು ಹಚ್ಚಿದ್ದಾರೆ. ನೀರಿಗಿಳಿಯುವ ಮುಂಚೆ ಮಂಡಿಯೂರಿ, ಕೈ ಚಾಚಿ, ನೀರನ್ನೇ ನೋಡುತ್ತಾ ಕೂತರು. ಕೂತರು, ಕೂತರು, ಕೂತೇ ಇದ್ದರು. ಡೋಲಿನವನು ಕೋಲು ಎತ್ತಿ ಹಿಡಿದು ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದ. ಅಷ್ಟರಲ್ಲಿ ನನಗೆ ಮಣಿಗಳೆಲ್ಲ ಸಿಕ್ಕವು, ಎಳೆದೆ, ಕೆಂಪು ಬಿತ್ತು. ಅದೇನೋ ಸರಿ. ಆದರೆ ಹೀಗೆಲ್ಲ ಕೂರುವುದು ಅವರ ಗುರುಗಳು ಕಲಿಸಿದ್ದಲ್ಲ. ಮಂಡಿ ಹಿಡಿದುಕೊಂಡಿದೆ, ಏಳಲು ಆಗುತ್ತಿಲ್ಲ, ಅದಕ್ಕೆ ನದಿ ನೋಡುವ ನೆಪ.

ರಾತ್ರಿ ಊಟಕ್ಕೆ ಬಿಸಿನೀರಲ್ಲಿ ಬೇಯಿಸಿದ ತೋಫು, ಅದೇ ಸೋಯಾ ಗಿಣ್ಣು. ಊಟದ ಕಡ್ಡಿಗಳಲ್ಲಿ ಎತ್ತಿದರೆ ಜಾರಿ ಜಾರಿ ಮತ್ತೆ ನೀರಿಗೇ ಹೋಗುತ್ತಿತ್ತು. ಮೂಲೆಯ ಅಂಗಡಿಯವನ ಮಗ ಬಂದಮೇಲೆ ತೋಫು ಕೆಟ್ಟುಹೋಗಿದೆ. ಕೊನೆಗೆ ಚಮಚ ತಗೊಂಡೆ.

ನವೆಂಬರ್ 9

ಪತ್ರಿಕೆಯಲ್ಲಿ ಬಂದಿದೆ. ಬರೆದವನು ಕನ್ನಡಕದ ಪಂಡಿತ, ಪ್ರತಿ ಸಲ ನಿದ್ದೆ ಹೊಡೆದು ಪ್ರತಿ ಸಲ ಹೊಗಳುವವನು. "ಬಣ್ಣ ಕಳಚುವ ಮುನ್ನ ಸೆನ್ನೊಜೊ ಅವರು ತಂದಿರುವ ಆ ಹೊಸ ನಿಲುಗಡೆಯಲ್ಲಿ ನದಿಯೇ ನಿಂತಂತಾಗುತ್ತದೆ. ಇದು ಎಪ್ಪತ್ತರ ಪಕ್ವತೆ." ನದಿ ಎಲ್ಲಿ ನಿಂತಿದೆ ಸ್ವಾಮಿ? ಮಂಡಿ ನಿಂತಿದೆ.

ಯಜಮಾನರು ಆ ಪುಟ ಕತ್ತರಿಸಿ ಕನ್ನಡಿಗೆ ಸಿಕ್ಕಿಸಿಕೊಂಡಿದ್ದಾರೆ. ಹಲ್ಲಿನ ಸೆಟ್ಟು ಬಟ್ಟಲಲ್ಲಿಟ್ಟು, ಬೊಚ್ಚು ಬಾಯಲ್ಲಿ ನಗುತ್ತಾ ನನ್ನನ್ನೇ ಹೆಸರು ಹಿಡಿದು ಕೇಳಿದರು: "ನೋಡ್ದೇನೋ ಇವಾ, ಪಕ್ವತೆ ಅಂತೆ!"

"ಹಣ್ಣು ಪಕ್ವ ಆದ್ಮೇಲೆ ಏನಾಗುತ್ತೆ ಗೊತ್ತಲ್ಲ ಯಜಮಾನ್ರೇ."

"ಬೀಳುತ್ತೆ. ಹಿಡ್ಕೊಳ್ಳೋಕೆ ನೀನಿದೀಯಲ್ಲ."

ಏನು ಹೇಳುವುದು ಇಂಥವರಿಗೆ. ಹೆಂಡತಿಯ ಪಟದ ಮುಂದೆ ಊದುಬತ್ತಿ ಹಚ್ಚೋಣ ಅಂದರೆ ಬೆಂಕಿಕಡ್ಡಿಗಳು ಮುರಿದು ಮುರಿದು ಬಿದ್ದವು. ತೇವ ಹಿಡಿದಿರಬೇಕು.

ನವೆಂಬರ್ 12

ಮ್ಯಾನೇಜರ್ ನಿಶಿಬೆ ನನ್ನನ್ನು ಕೋಣೆಗೆ ಕರೆದ. ಅವನು ಕುರ್ಚಿ ತೋರಿಸಿದರೆ ಕೆಟ್ಟ ಸುದ್ದಿ ಅಂತಲೇ ಅರ್ಥ. ಕುರ್ಚಿ ತೋರಿಸಿದ.

"ಪತ್ರಿಕೆಯವರು ಹೊಗಳ್ತಾರೆ, ಶಮಿಸೆನ್‌ನವರು ಶಪಿಸ್ತಾರೆ. ದಿನಾ ಒಂದೊಂದು ಅಳತೆಗೆ ನಿಲ್ಲಿಸಿದ್ರೆ ಅವರು ನುಡಿಸೋದಾದ್ರೂ ಹೇಗೆ? ಬರೋ ವರ್ಷ ಇದೇ ಕಾಲಕ್ಕೆ ಟೋಕಿಯೋಗೆ ಈ ಕುಣಿತ ಹೋಗ್ಬೇಕು. ಹೀಗೇ ಆದ್ರೆ ಬೇಡ ಅಂತಿದ್ದಾರೆ ಮೇಲಿನವರು. ನಿಜ ಹೇಳಿ ಇವಾ-ಸಾನ್, ಹಿರಿಯರಿಗೆ ಆಗ್ತಿಲ್ವಾ?"

ಆ ಕುಣಿತ ಹೋದರೆ ಯಜಮಾನರು ಹೋದ ಹಾಗೇ. ಅವರಿಗೆ ಮಕ್ಕಳಿಲ್ಲ, ಮರಿಯಿಲ್ಲ, ಬೇರೆ ಚಟ ಕೂಡ ಇಲ್ಲ. ಮೂಲೆಯಲ್ಲಿ ಕೂತು ಹಲ್ಲಿನ ಸೆಟ್ಟು ತೊಳೆಯುತ್ತಾ ಎಷ್ಟು ದಿನ ಬದುಕಿಯಾರು? ನಾನು ತಲೆ ತಗ್ಗಿಸಿ, ಕಣ್ಣಲ್ಲಿ ಸ್ವಲ್ಪ ನೀರು ತಂದುಕೊಂಡು ಹೇಳಿದೆ:

"ಅವರದೇನೂ ತಪ್ಪಿಲ್ಲ. ನಂದೇ. ಬೆರಳು ಜಾರ್ತಿದೆ. ಮಣಿ ಬೇಗ ಸಿಗ್ತಿಲ್ಲ."

ನಿಶಿಬೆ ನನ್ನ ಮುಖ ನೋಡಿ ಚಹಾ ತರಿಸಿಕೊಟ್ಟ. ಎಂಥ ಸುಳ್ಳು! ರಂಗದ ಮೇಲೆ ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಷ್ಟು ವರ್ಷ ಮುಖಕ್ಕೆ ಪರದೆ ಹಾಕಿ ನನ್ನೊಳಗಿನ ನಟನನ್ನು ಕೊಂದುಬಿಟ್ಟರಲ್ಲ.

ನವೆಂಬರ್ 15

ಯಜಮಾನರು ವಾದ್ಯದವರಿಗೆಲ್ಲ ಹಾವುಮೀನಿನ ಊಟ ಕಳಿಸಿದ್ದಾರೆ. ಕಾಯುವುದಕ್ಕೆ ಲಂಚ. ತಿಂದವರು ಈಗ ನದಿ ನಿಂತಷ್ಟು ಹೊತ್ತೂ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದಾರೆ. ನನಗೆ ಒಂದು ತುಂಡೂ ಇಲ್ಲ.

ನವೆಂಬರ್ 16

ಫುಸಾ ಮಣಿಗಳನ್ನೆಲ್ಲ ಬದಲಾಯಿಸಿದ್ದಾಳೆ. ಮೊದಲು ಕಾಳಿನಷ್ಟಿದ್ದವು, ಈಗ ಹಣ್ಣಿನ ಬೀಜದಷ್ಟು.

"ಇದೇನೇ ಫುಸಾ, ಕಿಮೋನೊಗೆ ಗೋಲಿ ಕಟ್ಟಿದೀಯಾ? ಯಾರು ಹೇಳಿದ್ದು?"

"ಯಜಮಾನ್ರು."

"ಅವರಿಗೆ ಬೆನ್ನ ಹಿಂದಿನ ಮಣಿ ಕಾಣುತ್ತಾ? ಅವರಿಗೆ ಯಾಕೆ ಬೇಕು ದೊಡ್ಡದು?"

ಅವಳು ಸೂಜಿಗೆ ದಾರ ಪೋಣಿಸತೊಡಗಿದಳು. ನಾನು ಬಿಡಲಿಲ್ಲ. "ಒಂದು ದಿನ ದಾರ ಸರಿಯಿಲ್ಲ, ಒಂದು ದಿನ ಡೋಲು ಸರಿಯಿಲ್ಲ, ಈಗ ಮಣಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಫುಸಾ ತಲೆ ಎತ್ತಿ ನನ್ನನ್ನು ನೋಡಿದಳು. ನಗು ತಡೆದ ಹಾಗೂ ಇತ್ತು, ಬೇರೆ ಏನೋ ಇದ್ದ ಹಾಗೂ ಇತ್ತು. "ಹೌದು ಇವಾ-ಸಾನ್. ಗಾದೆ ಸುಳ್ಳಾಗಲ್ಲ" ಅಂದಳು. ನನ್ನ ಅಂಗಿಯ ಗುಂಡಿ ಹೆಚ್ಚುಕಮ್ಮಿ ಹಾಕಿಕೊಂಡಿದ್ದೆ ಅಂತ ಎದ್ದು ಬಂದು ತಾನೇ ಸರಿಮಾಡಿದಳು. ಮುದುಕಿಗೆ ನನ್ನ ಮೇಲೆ ಕಣ್ಣಿರಬಹುದೇ? ಹೆಂಡತಿ ಸತ್ತು ಎರಡು ವರ್ಷವಾಗಿಲ್ಲ, ಜನ ಕಾಯುವುದೇ ಇಲ್ಲ.

ಆದರೂ ದೊಡ್ಡ ಮಣಿ ಬೇಗ ಸಿಕ್ಕಿತು. ಅದು ಬೇರೆ ಮಾತು.

ನವೆಂಬರ್ 17

ಚಳಿ. ಬಲಗೈ ಬೆರಳು ಜೋಮು. ಮಲಗಿದೆ.

ನವೆಂಬರ್ 20

ಇವತ್ತು ಎದೆ ಒಡೆದುಹೋಗುವುದೊಂದು ಬಾಕಿ.

ಬಲ ಹೆಗಲು, ಎರಡು ತೋಳು, ಸೊಂಟ ಎಲ್ಲ ಬಿಚ್ಚಿಕೊಂಡಿತ್ತು. ಎಡ ಹೆಗಲಿನ ಮಣಿ ಮಾತ್ರ ಇಲ್ಲ. ಎಲ್ಲಿ ತಡವಿದರೂ ಜರಿ, ಜರಿ, ಮತ್ತೆ ಜರಿ. ಮಣಿ ಅಂದುಕೊಂಡು ಹಿಡಿದರೆ ಎಲೆಯ ಕಸೂತಿ. ನೀರು ನೋಡುವ ನಿಲುಗಡೆ ಮುಗಿಯಿತು. ಯಜಮಾನರು ಎದ್ದರು. ಒಂದು ಸುತ್ತು ತಿರುಗಿದರು. ಕೆಂಪು ಇನ್ನೂ ಮೈಮೇಲೇ ಇದೆ. ಮತ್ತೊಂದು ಸುತ್ತು. ಆಮೇಲೆ ಅವರು ತೂರಾಡಿ ಹಿಂದಕ್ಕೆ ವಾಲಿ ನನ್ನ ಮೈಮೇಲೇ ಒರಗಿದರು. ಬಿದ್ದೇ ಹೋದರು ಅಂದುಕೊಂಡೆ. ದೇವರ ದಯೆ, ವಾಲುವಾಗ ಆ ಎಡ ಹೆಗಲು ನೆಟ್ಟಗೆ ನನ್ನ ಕೈಯೊಳಕ್ಕೇ ಬಂತು, ಮಣಿ ಅಂಗೈಗೆ ಒತ್ತಿತು, ಎಳೆದೆ. ಕೆಂಪು ಬಿತ್ತು. ಜನಕ್ಕೆ ಅದೂ ಹೊಸ ಚಮತ್ಕಾರ, ಮೇಲಿನ ಸಾಲಿನಿಂದ ಯಾರೋ ಮೆಚ್ಚಿ ಯಜಮಾನರ ಮನೆತನದ ಹೆಸರು ಹಿಡಿದು ಕೂಗಿದರು.

ಒಳಗೆ ಬಂದಮೇಲೆ ಅವರಿಗೆ ಏದುಸಿರು. ಬಿಳಿ ಬಣ್ಣದ ಮೇಲೆ ಬೆವರು ಗೆರೆಗೆರೆಯಾಗಿ ಇಳಿಯುತ್ತಿತ್ತು. ನಾನು ಕಾಲು ಒತ್ತುತ್ತಾ ಕೂತೆ. ಅವರು ನನ್ನ ಬಲಗೈಯನ್ನು ಎತ್ತಿ ತಮ್ಮ ಎರಡು ಕೈ ನಡುವೆ ಇಟ್ಟುಕೊಂಡು, "ತಣ್ಣಗಿದೆಯಲ್ಲೋ" ಅಂದರು. ಇವರಿಗೆ ತಲೆ ಕೂಡ ನೆಟ್ಟಗಿಲ್ಲ ಅನ್ನಿಸಿತು. ಬಿದ್ದವರು ಅವರು, ಕೈ ಉಜ್ಜುವುದು ನಂದು.

ನವೆಂಬರ್ 21

ರಂಗದ ಹಿಂದೆ ಇರುವ ಇನಾರಿ ದೇವರ ಗುಡಿಗೆ ಹೋಗಿ ಬಾಗಿಲಲ್ಲಿ ಕೂತ ಕಲ್ಲಿನ ನರಿಯಪ್ಪನಿಗೆ ಕರಿದ ತೋಫು ಇಟ್ಟು ಬಂದೆ. ಯಜಮಾನರನ್ನು ಈ ತಿಂಗಳು ಬೀಳಿಸಬೇಡಪ್ಪಾ ಅಂತ ಬೇಡಿಕೊಂಡೆ. ನರಿಯ ಮುಖ ನೋಡಿದರೆ ಕೆಲಸ ಮಾಡುವವನ ಹಾಗೆ ಕಾಣಲಿಲ್ಲ.

ಬೇರೆ ಯಾರೂ ಓದುವುದಿಲ್ಲವಲ್ಲ, ಬರೆದೇಬಿಡುತ್ತೇನೆ. ನನಗೆ ಹೆದರಿಕೆಯಾಗಿದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಆ ಬೆನ್ನ ಹಿಂದೆ ಕೂತವನು. ಆ ಬೆನ್ನಿಗೆ ನೆಗಡಿಯಾದರೆ ನನಗೆ ಮೊದಲು ಗೊತ್ತಾಗುತ್ತಿತ್ತು. ಹಾಳಾದ ಮುದುಕ, ಜಂಬದ ಕೋಳಿ, ಜಿಪುಣ, ಗೊರಕೆ ಹೊಡೆದರೆ ಮೂರು ಕೋಣೆಗೆ ಕೇಳಿಸುತ್ತದೆ. ಅವನಿಲ್ಲದಿದ್ದರೆ ನಾನು ಯಾರ ಹಿಂದೆ ಹೋಗಿ ಕೂರಲಿ?

ನವೆಂಬರ್ 23

ಯಜಮಾನರು ಕೋಣೆಗೆ ಕರೆದರು. ಗೆಂಟಾನನ್ನು ಹೊರಗೆ ಕಳಿಸಿದರು.

"ಇವಾ, ನೀನು ನಿಶಿಬೆ ಹತ್ರ ಹೇಳಿದ್ದು ನನಗೆ ಗೊತ್ತಾಯ್ತು."

"ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡಿ."

"ಹಾಗೆ ಹೇಳೋಕೆ ಎದೆಗಾರಿಕೆ ಬೇಕು ಕಣೋ. ನನ್ನ ಕೈಲಿ ಆಗ್ತಿರ್ಲಿಲ್ಲ."

"ಬಿಡಿ ಯಜಮಾನ್ರೇ. ನಿಮಗೋಸ್ಕರ ಅಷ್ಟೂ ಮಾಡದಿದ್ರೆ ಹೇಗೆ?"

ಅವರು ಕನ್ನಡಿಯ ಕಡೆ ತಿರುಗಿಕೊಂಡರು. ಆಮೇಲೆ, "ಕೊನೇ ದಿನ ನೀನು ಮುಂದೆ ಕೂತು ನೋಡು. ಇಷ್ಟು ವರ್ಷದಲ್ಲಿ ಒಂದು ಸಲಾನೂ ನೀನು ಇದನ್ನ ಎದುರಿಂದ ನೋಡಿಲ್ಲ. ಸೀಟು ಹೇಳಿದೀನಿ. ಗೆಂಟಾ ಎಳೀತಾನೆ" ಅಂದರು.

ಗೆಂಟಾ! ಅವನು ಒದ್ದೆ ಬಟ್ಟೆ ಹಿಂಡುವ ಹಾಗೆ ದಾರ ಎಳೆಯುತ್ತಾನೆ. ಇವರ ತಪ್ಪನ್ನು ನನ್ನ ತಲೆಯ ಮೇಲೆ ಹೊತ್ತುಕೊಂಡರೆ, ಇವರೂ ಅದನ್ನೇ ನಂಬಿ ನನ್ನನ್ನೇ ಎಬ್ಬಿಸುವುದೇ? ಸುಳ್ಳು ಹೇಳಿದವನಿಗೇ ಸುಳ್ಳಿನ ಏಟು. "ಆಗಲಿ" ಅಂದು ಎದ್ದು ಬಂದೆ. ಬಾಗಿಲು ಜೋರಾಗಿ ಎಳೆದುಕೊಳ್ಳೋಣ ಅಂದರೆ ಅದು ಕಾಗದದ ಬಾಗಿಲು, ಸದ್ದೇ ಬರಲಿಲ್ಲ.

ನವೆಂಬರ್ 24

ಬರೆಯುವುದೇನೂ ಇಲ್ಲ.

ನವೆಂಬರ್ 25

ಗೆಂಟಾ ಬಂದು ನೆಲಕ್ಕೆ ಹಣೆ ಮುಟ್ಟಿಸಿ, "ಅಣ್ಣಾ, ಎಡ ಹೆಗಲಿನ ದಾರ ಯಾವಾಗ ಎಳೀಬೇಕು ಹೇಳ್ಕೊಡಿ" ಅಂದ. ಹೇಳಿಕೊಡಬಾರದು ಅಂದುಕೊಂಡಿದ್ದೆ. ಹೇಳಿಕೊಟ್ಟೆ. ತಪ್ಪಿದರೆ ಬೀಳುವವನು ಅವನಲ್ಲವಲ್ಲ, ಯಜಮಾನರು. "ಕಣ್ಣಲ್ಲಿ ನೋಡ್ಬೇಡ. ಅವರು ಉಸಿರು ಬಿಟ್ಟಾಗ ಕತ್ತಿನ ಹಿಂದೆ ಬಟ್ಟೆ ಒಂದು ಕೂದಲಷ್ಟು ಇಳಿಯುತ್ತೆ. ಆಗ ಎಳಿ. ಅವರು ಈಗೀಗ ನಿಧಾನ, ಅವಸರ ಮಾಡ್ಬೇಡ. ಕಾಯಬೇಕಾಗುತ್ತೆ."

ಗೆಂಟಾ ನನ್ನ ಬೆರಳುಗಳನ್ನು ನೋಡಿ, ಮತ್ತೆ ನಮಸ್ಕರಿಸಿ ಹೋದ.

ಫುಸಾ ನನ್ನ ಒಳ್ಳೆಯ ಕಿಮೋನೊಗೆ ಇಸ್ತ್ರಿ ಮಾಡಿಟ್ಟಿದ್ದಳು. "ಹೋಗಿ ನೋಡಿ ಇವಾ-ಸಾನ್. ಸಿಡಿಮಿಡಿ ಅನ್ನದೆ, ಕಣ್ಣು ಬಿಟ್ಟು ನೋಡಿ."

ನವೆಂಬರ್ 26

ಏಳನೆಯ ಸಾಲು, ನಡುಮಧ್ಯ. ಎಡಕ್ಕೆ ಊಟದ ಡಬ್ಬಿ ಬಿಚ್ಚಿಕೊಂಡ ರೇಷ್ಮೆ ವ್ಯಾಪಾರಿಯ ಹೆಂಡತಿ, ಅವಳಾಚೆ ಆಗಲೇ ನಿದ್ದೆ ಹೋಗಿದ್ದ ಅವಳ ಗಂಡ. ಇವರಿಗೋಸ್ಕರವೇ ನಾವು ಸಾಯುವುದು ಅಂತ ಇವತ್ತೇ ಗೊತ್ತಾದದ್ದು.

ಪರದೆ ಸರಿಯಿತು. ಯಜಮಾನರು ಬಂದರು. ಆಹಾ, ಹಾಳಾದವನು! ಎಪ್ಪತ್ತು ಎಲ್ಲಿ ಹೋಯಿತು? ಬೊಚ್ಚು ಬಾಯಿ ಎಲ್ಲಿ ಹೋಯಿತು? ನಾನು ಇಷ್ಟು ವರ್ಷ ಕಂಡದ್ದು ಆ ಬೆನ್ನು, ಬೆವರು, ಕತ್ತಿನ ಮೇಲಿನ ಮಚ್ಚೆ. ಇಲ್ಲಿ ಎದುರಿಗೆ ಒಬ್ಬ ಹುಡುಗಿ ನಿಂತಿದ್ದಾಳೆ. ಬಟ್ಟೆ ಜಾಲಿಸುತ್ತಾ ಜಾಲಿಸುತ್ತಾ ದಾರಿ ನೋಡುತ್ತಾಳೆ. ಅವನು ಬರುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು, ಆದರೂ ಇವತ್ತಾದರೂ ಬರಲಿ ಅನ್ನಿಸಿತು.

ಹಿಂದೆ ಗೆಂಟಾನ ಕರಿ ಗುಡ್ಡೆ. ನನ್ನ ಕೈ ತೊಡೆಯ ಮೇಲೆ ತಾನಾಗಿಯೇ ಆಡುತ್ತಿತ್ತು: ಬಲ ತೋಳು, ಎಡ ತೋಳು, ಸೊಂಟ. ಅವಳು ನದಿಯ ಹತ್ತಿರ ಬಂದಳು. ಈಗ ಮಂಡಿಯೂರುತ್ತಾರೆ, ಈಗ ನೀರು ನೋಡುತ್ತಾ ಕೂರುತ್ತಾರೆ, ಗೆಂಟಾ ಕಾಯೋ ಕಾಯೋ ಅಂತ ನಾನು ಹಲ್ಲು ಕಚ್ಚಿದೆ.

ಯಜಮಾನರು ಮಂಡಿಯೂರಲೇ ಇಲ್ಲ. ನೀರಿಗೆ ಕಾಲಿಟ್ಟರು, ಹೆಗಲು ಇಳಿಯಿತು, ಡೋಲಿನ ಪೆಟ್ಟು ಬಿತ್ತು, ಕೆಂಪು ಇಲ್ಲ. ಅಷ್ಟೇ. ಕೆಂಪು ಇತ್ತು, ಈಗ ಇಲ್ಲ. ಅದೇ ಎಲೆ, ಅದೇ ನೀರು, ಬಣ್ಣ ಮಾತ್ರ ಹೋಗಿ ಅವಳು ನಿಂತಿದ್ದಾಳೆ. ಸುತ್ತ ಜನ "ಹಾ" ಅಂದರು. ಆ "ಹಾ" ನನಗೆ ಹೊಸದಲ್ಲ, ಯಾವಾಗಲೂ ಕೇಳಿದ್ದೇ. ಇವತ್ತು ನನ್ನ ಬಾಯಿಂದಲೂ ಬಂತು.

ಕೊನೆಯ ದಿನದ ಹುಮ್ಮಸ್ಸು, ಅದಕ್ಕೇ ಮಂಡಿ ಮಾತು ಕೇಳಿತು, ಅಂತ ಹೇಳಿಕೊಂಡೆ. ಹೇಳಿಕೊಳ್ಳುತ್ತಾ ಇರುವಾಗಲೇ ವ್ಯಾಪಾರಿಯ ಹೆಂಡತಿ ಗಂಡನನ್ನು ತಿವಿದು ಎಬ್ಬಿಸಿದಳು.

"ನೋಡಿ, ಇವತ್ತು ಎಷ್ಟು ಚುರುಕು! ಮೊನ್ನೆ ಅಕ್ಕನ ಜೊತೆ ಬಂದಾಗ ಹಿಂದಿನ ಕರಿ ಬಟ್ಟೆಯವನು ಬೇರೆ. ಪಾಪ, ಮಣಿ ಸಿಗದೆ ತಡಕಾಡ್ತಿದ್ದ. ಸೆನ್ನೊಜೊನೇ ಹಿಂದಕ್ಕೆ ವಾಲಿ ಅವನ ಕೈಗೆ ಹೆಗಲು ಕೊಟ್ಟ."

ಕರಿ ಬಟ್ಟೆಯವನು ಕಾಣುವುದಿಲ್ಲ ಅಂತ ಒಪ್ಪಂದ ಇತ್ತಲ್ಲ ತಾಯೀ. ನಿನಗೂ ಕಂಡಿತಲ್ಲ. ಡೋಲಿನವನಿಗೆ ಕಂಡಿತ್ತು, ಫುಸಾಗೆ ಕಂಡಿತ್ತು, ಗೆಂಟಾಗೆ ಕಂಡಿತ್ತು. ಯಾರಿಗೆ ಕಾಣಲಿಲ್ಲ ಅಂತ ಯೋಚಿಸುತ್ತಾ ಕೂತೆ. ಎಲ್ಲರೂ ಎದ್ದು ಹೋದ ಮೇಲೆ ಕಸ ಗುಡಿಸುವವಳು ಬಂದು, "ಅಜ್ಜಾ, ಮುಗೀತು" ಅಂದಳು.

ಕೋಣೆಗೆ ಹೋದೆ. ಯಜಮಾನರು ಅರ್ಧ ಮುಖ ಒರೆಸಿದ್ದರು. ಅರ್ಧ ಹುಡುಗಿ, ಅರ್ಧ ಮುದುಕ.

"ಹೇಗಿತ್ತೋ?"

"ಬೇಗ ಆಯ್ತು."

"ಹೂಂ."

"ಯಾವಾಗಿಂದ?"

"ಹೋದ ವರ್ಷ ಚಳಿಗಾಲದಿಂದ ಸ್ವಲ್ಪ ಸ್ವಲ್ಪ. ಈ ಸಲ ಜಾಸ್ತಿ."

"ಮತ್ತೆ ಆ ನದಿ ನೋಡೋದು? ಪಕ್ವತೆ?"

"ನೀನು ಮಣಿ ಹುಡುಕೋವರೆಗೆ ಏನಾದ್ರೂ ಮಾಡ್ಬೇಕಲ್ಲ. ಮಂಡಿ ಸತ್ತುಹೋಯ್ತು ಕಣೋ ಕೂತೂ ಕೂತೂ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಆಮೇಲೆ ನೀನೇ ಹೋಗಿ ನಿಶಿಬೆ ಹತ್ರ ಹೇಳ್ದೆ ಅಂತ ಕೇಳಿ ನಿಜವಾಗ್ಲೂ ಅತ್ತುಬಿಟ್ಟೆ. ನಮ್ಮ ಇವಾ ದೊಡ್ಡ ಮನುಷ್ಯ ಅಂದ್ಕೊಂಡೆ."

ಅದು ನಿಮ್ಮನ್ನು ಉಳಿಸಲು ಹೇಳಿದ ಸುಳ್ಳು ಅಂತ ಹೇಳೋಣ ಅಂದುಕೊಂಡೆ. ಹೇಳಲಿಲ್ಲ. ಬದುಕಿನಲ್ಲಿ ಒಂದೇ ಸಲ ದೊಡ್ಡ ಮನುಷ್ಯ ಆಗಿದ್ದೇನೆ, ಇರಲಿ.

ಅವರು ಇನ್ನರ್ಧ ಮುಖ ನನ್ನ ಕಡೆ ಚಾಚಿದರು. ಬಟ್ಟೆಗೆ ಎಣ್ಣೆ ಹಾಕಿ ಮೆಲ್ಲಗೆ ಒರೆಸಿದೆ. ಕೈ ನಡುಗಿತು. ಇಬ್ಬರೂ ನೋಡಿದೆವು.

"ಟೋಕಿಯೋಗೆ ಬರ್ತೀಯಲ್ಲ?"

"ಯಾಕೆ? ಏಳನೇ ಸಾಲಲ್ಲಿ ಕೂತು ಊಟದ ಡಬ್ಬಿ ಬಿಚ್ಚೋಕಾ?"

"ಗೆಂಟಾಗೆ ಕಲಿಸೋಕೆ. ಇವತ್ತು ಎಳ್ದ ಏಟಿಗೆ ನನ್ನ ಹೆಗಲೇ ಕಿತ್ತು ಬರೋದಿತ್ತು. ಎತ್ತು ಎಳೆದ ಹಾಗೆ ಎಳೀತಾನೆ ನನ್ಮಗ."

ಅದನ್ನು ಕೇಳಿ ಮನಸ್ಸಿಗೆ ಎಷ್ಟು ಸಮಾಧಾನವಾಯಿತು ಅಂತ ಬರೆಯಲು ನಾಚಿಕೆ.

ಮನೆಗೆ ಬಂದೆ. ಹೆಂಡತಿಯ ಪಟಕ್ಕೆ ಎಲ್ಲ ಹೇಳಿದೆ. ಮೊದಲಿಂದಲೂ ಗೊತ್ತಿತ್ತು ಅನ್ನುವ ಮುಖ ಮಾಡಿಕೊಂಡಿದ್ದಳು. ಚಹಾ ಮಾಡಿಕೊಂಡೆ, ಚೆಲ್ಲಿತು. ಬಟ್ಟಲು ಮಾಡಿದವನದೇನೂ ತಪ್ಪಿಲ್ಲ.